ಎಂಟು ಓಮ್

ತೀನ್ ಕಂದೀಲಿನ ಹಿಂದಿನ ಓಣಿ, ಮೂರನೆಯ ಶಟರು ನನ್ನದು.
‘ಚಾಂದಪಾಷಾ, ಎಲ್ಲಾ ತರದ ಆಂಪ್ಲಿಫೈಯರ್’
ಬೋರ್ಡು ಬರೆದವಳು ಮಗಳು. ‘ಯರ್’ ಸಣ್ಣದಾಗಿದೆ,
ತಗಡು ಸಾಲಲಿಲ್ಲ.

ತೂಕದ ಅಮರಗುಂಡಪ್ಪ, ಜಿನ್ನಿಂಗ್ ಫ್ಯಾಕ್ಟರಿಯಲ್ಲಿ
ಮೂವತ್ತೊಂದು ವರ್ಷ ಕಾಟಾದ ಮುಂದೆ ನಿಂತವರು,
ನಿವೃತ್ತಿಯ ದುಡ್ಡು ಟವೆಲಿನಲ್ಲಿ ಸುತ್ತಿ ತಂದು
‘ಪಾಷಾ, ಜೋರು ಬ್ಯಾಡ. ಸರಿ ಇರಬೇಕು’ ಅಂದರು.

ಸರಿ ಅನ್ನುವುದು ಯಾವ ಅಂಗಡಿಯಲ್ಲೂ ಸಿಗುವ ಮಾಲಲ್ಲ.
ಬಾಕ್ಸು ಹೈದರಾಬಾದಿನಿಂದ ಬಂದವು, ಎಂಟು ಓಮಿನವು.
ಆಂಪು ಇನ್ನೆಲ್ಲಿಯದೋ. ಅದೂ ಎಂಟನ್ನೇ ಕೇಳುತ್ತಿತ್ತು.
ಹನ್ನೊಂದು ದಿನ ಜೋಡಿಸಿದೆ, ಬಿಚ್ಚಿದೆ, ಜೋಡಿಸಿದೆ.
ಕೆಂಪಿಗೆ ಕೆಂಪು, ಕರಿಗೆ ಕರಿ.
ಒಂದೇ ಒಂದು ತಂತಿ ತಿರುವುಮುರುವಾದರೆ
ಬಾಕ್ಸುಗಳು ಒಂದನ್ನೊಂದು ನುಂಗುತ್ತವೆ,
ತಬಲದ ಎಡಗೈ ಮಾಯ.

ಬ್ಯಾಲೆನ್ಸ್ ಗುಂಡಿ ಮಾತ್ರ ಅವರೇ ತಿರುವಿದರು
ಉಸಿರು ಹಿಡಿದು,
ಕಾಟಾದ ಮುಳ್ಳು ನೋಡುವ ಹಾಗೆ.
ಆಮೇಲೆ ಯಾರಿಗೂ ಮುಟ್ಟಗೊಡಲಿಲ್ಲ.

ಅವರು ಹೋದ ಮೇಲೆ ಪಾಲಾಯಿತು.
ತೂಕದವರ ಮಕ್ಕಳಲ್ಲವೆ, ತೂಕಕ್ಕೇ ಹಾಕಿದರು:
ಆಂಪು ಹದಿನೆಂಟು ಕೆಜಿ, ಬಾಕ್ಸೆರಡು ಸೇರಿ ಹದಿನೆಂಟೂವರೆ.
ಆ ಅರ್ಧ ಕೆಜಿಗೆ ಎಂಟು ಕ್ಯಾಸೆಟ್ಟು ಎಣಿಸಿಟ್ಟರಂತೆ
ಹೆಸರು ಕೂಡ ಓದದೆ.
ಆಂಪು ಹಿರಿಯ ಸೂಗೂರೇಶನ ಜೊತೆ ಇಲ್ಲೇ ಉಳಿಯಿತು.
ಬಾಕ್ಸು ಬಸಲಿಂಗನ ಕೂಡ ಮಾನ್ವಿ ಬಸ್ಸಿನ ಟಾಪೇರಿದವು.

ಸೂಗೂರೇಶ ನಾಲ್ಕು ಓಮಿನ ನಾಲ್ಕು ಡಬ್ಬಿ ತಂದು
ಆ ಒಂದೇ ಆಂಪಿಗೆ ಕಟ್ಟಿದ.
ತಡೆಯುವವರೇ ಇಲ್ಲದಾಗ ಅದು ಕೊಡುತ್ತಲೇ ಹೋಗುತ್ತದೆ,
ಕಾಯುತ್ತದೆ, ಕೊಡುತ್ತದೆ, ಸುಡುತ್ತದೆ.
ಬಸಲಿಂಗ ಸಂತೆಯಲ್ಲಿ ಅಂಗೈಯಷ್ಟು ಆಂಪು ಕೊಂಡ,
ಮೇಲೆ ‘ಐನೂರು ವಾಟ್’, ಒಳಗೆ ಇಪ್ಪತ್ತೂ ಇಲ್ಲ.
ಗುಂಡಿ ಕೊನೆಯವರೆಗೆ ತಿರುವಿದರೆ ಕಿರುಚುತ್ತಿತ್ತು.
ಟ್ವೀಟರ್ ಸುಡುವುದು ಬಲಕ್ಕಲ್ಲ, ಆ ಕಿರುಚಾಟಕ್ಕೆ.

ಅವನಿಗೆ ಇವನ ಮಾತು ನಾನು ಹೇಳಲಿಲ್ಲ,
ಇವನಿಗೆ ಅವನದು.
ರಿಪೇರಿಯವನ ಬಾಯಿ ಫ್ಯೂಜಿದ್ದಂತೆ.

ಈ ಮೇನಲ್ಲಿ ಒಂದೇ ವಾರ ಎರಡೂ ಬಂದವು.
ನನ್ನ ಹಲಗೆಯ ಆ ತುದಿಗೆ ಆಂಪು, ಈ ತುದಿಗೆ ಬಾಕ್ಸು.
ಶಟರು ಅರ್ಧ ಇಳಿಸಿದೆ.
ಶಕ್ತಿನಗರದ ಚಿಮಣಿ ನಾಡಿಗೆಲ್ಲ ಕರೆಂಟು ಬೇಯಿಸುತ್ತದೆ,
ನಮ್ಮ ಓಣಿಗೆ ನೂರಾ ಎಪ್ಪತ್ತು ವೋಲ್ಟು.
ಫ್ಯಾನು ನಿಲ್ಲಿಸಿ ಅದನ್ನೂ ಆಂಪಿಗೇ ಕೊಟ್ಟೆ.

ಕ್ಯಾಸೆಟ್ಟಿರಲಿಲ್ಲ. ರೇಡಿಯೋ ಹಚ್ಚಿದೆ.
ಯಾರೋ ಹೆಣ್ಣುಮಗಳು ಮಾರುಕಟ್ಟೆ ದರ ಓದುತ್ತಿದ್ದಳು:
ಹತ್ತಿ ಕ್ವಿಂಟಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು.
ಆ ‘ಷ’ ಒಡೆಯಲಿಲ್ಲ, ಚೂಪಾಗಲಿಲ್ಲ.
ನನ್ನ ಹೆಸರಿನಲ್ಲೂ ಇರುವ ಅಕ್ಷರ,
ಯಾರೂ ಇಷ್ಟು ನೆಟ್ಟಗೆ ಅಂದದ್ದು ಕೇಳಿರಲಿಲ್ಲ.

ಗುಂಡಿ ಎಡಕ್ಕೆ ವಾಲಿತ್ತು, ಮೊಮ್ಮಕ್ಕಳ ಕೈ ಇರಬೇಕು.
ಒಂದು ಕೂದಲು. ಇನ್ನೊಂದು ಕೂದಲು.
ತೊಗರಿಯ ದರಕ್ಕೆ ಬರುವಷ್ಟರಲ್ಲಿ
ದನಿ ಎರಡೂ ಬಾಕ್ಸು ಬಿಟ್ಟೆದ್ದು
ನಡುವಿನ ಖಾಲಿ ಸ್ಟೂಲಿನ ಮೇಲೆ ಬಂದು ಕೂತಿತು.
ನಾನು ಬೀಡಿ ಆರಿಸಿದೆ.

ಮುಂಜಾನೆ ಸೂಗೂರೇಶ ಆಂಪಿನ ಬೆನ್ನು ಮುಟ್ಟಿ ನೋಡಿದ.
‘ಇನ್ನೂ ಬೆಚ್ಚಗೈತಲ್ಲೋ. ರಾತ್ರಿಯೆಲ್ಲಾ ಹಚ್ಚಿದ್ದೇನು?’
‘ಟೆಸ್ಟಿಂಗ್.’
‘ಯಾವ ಬಾಕ್ಸಿಗೆ?’
‘ಎಂಟು ಓಮಿನವಕ್ಕ.’
ಅವನು ಗೋಣಿ ಹೊದ್ದ ಮೂಲೆಯ ಕಡೆ ನೋಡಿದ, ನೋಡದವನಂತೆ.
ಆರುನೂರೈವತ್ತು ಎಣಿಸಿಕೊಟ್ಟ. ಆಟೋ ಕರೆಯಲೇ ಅಂದ.

ಮಾನ್ವಿ ಬಸ್ಸು ಬರುವುದು ಹನ್ನೊಂದಕ್ಕೆ.
‘ಕೂಡ್ರಿ, ಚಾ ಹೇಳೀನಿ’ ಅಂದೆ.
ಹೇಳಿರಲಿಲ್ಲ. ಆಮೇಲೆ ಹೇಳಿಕಳಿಸಿದೆ.
ನಮ್ಮ ಓಣಿಯಲ್ಲಿ ಚಾ ಬರುವುದು
ಯಾವಾಗಲೂ ತಡ.